ಮಾರುಕಟ್ಟೆಯಲ್ಲಿ ಲಜ್ಜೆ ಯಾರ ಹೊಣೆ?

ಪವಿತ್ರ ರಮಝಾನ್ ತಿಂಗಳ ಕೊನೆಯ ಹತ್ತು ದಿನಗಳು ಸಮೀಪಿಸುತ್ತಿದ್ದಂತೆ ನಮ್ಮ ಮಸೀದಿಗಳ ಮಿಂಬರ್‌ಗಳಿಂದ ಒಂದು ಎಚ್ಚರಿಕೆ ತಪ್ಪದೆ ಕೇಳಿಬರುತ್ತದೆ. ನಮ್ಮ ಸ್ತ್ರೀಯರಿಂದ ಪೇಟೆ ತುಂಬಿಹೋಗಿದೆ, ಲೈಲತುಲ್ ಕದ್ರ್ ಅರಸಬೇಕಾದ ರಾತ್ರಿಗಳು ಬಟ್ಟೆ, ಬಳೆ, ಚಪ್ಪಲಿಗಳ ಅಂಗಡಿಗಳಲ್ಲಿ ಕಳೆದುಹೋಗುತ್ತಿವೆ, ಲಜ್ಜೆಯು ನಮ್ಮ ಮನೆಗಳಿಂದ ಹೊರಟುಹೋಗಿದೆ ಎಂಬುದು ಅದರ ಸಾರ. ಹಾವೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ, ಬ್ಯಾಡಗಿಯಲ್ಲಾಗಲಿ ಈ ಮಾತನ್ನು ಕೇಳದ ಮುಸ್ಲಿಮ್ ಕುಟುಂಬ ಇರಲಾರದು. ಮದ್ರಸದಲ್ಲಿ ಕಲಿತು, ಮದ್ರಸದಲ್ಲೇ ಕಲಿಸುತ್ತಿರುವ ನಾನೂ ಇದನ್ನು ಹಲವು ಸಲ ಆಡಿದ್ದೇನೆ. ಆಡುವಾಗ ಧ್ವನಿಯನ್ನೂ ಏರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಮಸೀದಿಯೊಂದರಲ್ಲಿ ಜುಮುಆ ಬಯಾನಿನ ಅವಕಾಶ ನನಗೆ ದೊರೆತಿತ್ತು. ಸ್ತ್ರೀಯರು ಬಝಾರಿಗೆ ಕಾಲಿಡುವುದೇ ಫಿತ್ನಾದ ಬಾಗಿಲು ಎಂಬ ಧಾಟಿಯಲ್ಲಿ ಅಂದು ಮಾತನಾಡಿದೆ. ನಮಾಝ್ ಮುಗಿಸಿ ಹೊರಬಂದಾಗ ಬೀದಿಯ ತಿರುವಿನಲ್ಲಿ ವಯಸ್ಸಾದ ಒಬ್ಬ ತಾಯಿ ನಿಂತಿದ್ದರು. ತಲೆಯ ಮೇಲೆ ಸೆರಗು, ಅದರ ಮೇಲೊಂದು ಮಾಸಿದ ಚಾದರ, ಬೆರಳುಗಳ ತುದಿಯಲ್ಲಿ ಮೆಣಸಿನಕಾಯಿಯ ಕೆಂಪು. ಧ್ವನಿವರ್ಧಕದಲ್ಲಿ ನನ್ನ ಮಾತನ್ನು ಅವರು ಕೇಳಿಸಿಕೊಂಡಿದ್ದರು. “ಹಜರತ್, ಚಲೋ ಹೇಳಿದ್ರಿ. ನಾ ಮೂವತ್ತು ವರ್ಷದಿಂದ ಮಾರ್ಕೆಟ್ಟಿನಾಗ ಮೆಣಸಿನಕಾಯಿ ತುಂಬು ಬಿಡಿಸ್ತೀನಿ. ಹೋಗಬ್ಯಾಡ ಅಂದ್ರಿ, ಹೋಗೂದಿಲ್ಲ. ನಾಳೆಯಿಂದ ಮನಿಗೆ ಅಕ್ಕಿ ಯಾರು ಕಳಸ್ತೀರಿ?” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವರಂತೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಮತ್ತೆ ಕಿತಾಬುಗಳಲ್ಲಿ ಹುಡುಕಿದ್ದೇನೆ, ನಮ್ಮ ಪೇಟೆಗಳನ್ನೂ ಬೇರೆ ಕಣ್ಣಿನಿಂದ ನೋಡಿದ್ದೇನೆ. ನನಗೆ ಸ್ಪಷ್ಟವಾದುದು ಇಷ್ಟು: ಮಾರುಕಟ್ಟೆಗೆ ಹೋಗುವ ಸ್ತ್ರೀಗೆ ಇಸ್ಲಾಮ್ ಶಿಷ್ಟಾಚಾರಗಳನ್ನು ಕಲಿಸಿದೆ, ಬಾಗಿಲನ್ನು ಮುಚ್ಚಿಲ್ಲ. ಲಜ್ಜೆಯ ಅರ್ಧಕ್ಕಿಂತ ಹೆಚ್ಚಿನ ಭಾರವನ್ನು ನಾವು ಪುರುಷರು ಹೊರಬೇಕಾಗಿತ್ತು. ಅದನ್ನು ಪೂರ್ಣವಾಗಿ ಆಕೆಯ ಹೆಗಲಿಗೆ ಹೊರಿಸಿ, ನಾವು ಕಾವಲುಗಾರರ ವೇಷ ತೊಟ್ಟುಕೊಂಡಿದ್ದೇವೆ.

ನಮ್ಮ ಪೇಟೆಗಳಲ್ಲಿ ಯಾರಿದ್ದಾರೆ?

ನಾವು ಮಾತನಾಡುತ್ತಿರುವುದು ಯಾರ ಬಗ್ಗೆ ಎಂಬುದನ್ನು ಮೊದಲು ತಿಳಿಯೋಣ. ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ವಹಿವಾಟು ನಡೆಯುತ್ತದೆ. ಡಬ್ಬಿ, ಕಡ್ಡಿ ಎಂಬ ತಳಿಗಳ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತು, ಅದರ ಕೆಂಪು ಬಣ್ಣ ದೇಶದಾಚೆಗೂ ಹೆಸರು ಮಾಡಿದೆ. ಆ ಹೆಸರಿನ ಹಿಂದೆ ಘಾಟಿನ ನಡುವೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಳಿತು ತೊಟ್ಟು ಬಿಡಿಸುವ, ಕಾಯಿ ವಿಂಗಡಿಸುವ ಸ್ತ್ರೀಯರ ಬೆರಳುಗಳಿವೆ. ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದು ಹೂವನ್ನೂ ಮುಟ್ಟಿ ಪರಾಗಸ್ಪರ್ಶ ಮಾಡಿಸುವವರೂ ಬಹುಪಾಲು ಸ್ತ್ರೀಯರೇ. ಏಲಕ್ಕಿ ಹಾರದ ಊರಾದ ಹಾವೇರಿಯ ಪೇಟೆಯಲ್ಲಿ ತರಕಾರಿ, ಹಣ್ಣು, ಬಳೆಗಳ ಬುಟ್ಟಿ ಇಟ್ಟುಕೊಂಡು ಕುಳಿತವರಲ್ಲಿ ನಮ್ಮ ಸಮುದಾಯದ ವಿಧವೆಯರೂ ಇದ್ದಾರೆ. ಗಂಡ ದುಡಿಯಲು ದೂರದ ಊರಿಗೆ ಹೋಗಿರುವುದರಿಂದ ಮನೆಯ ಅಕ್ಕಿ, ಬೇಳೆ, ಮಕ್ಕಳ ಔಷಧಗಳನ್ನು ತಾವೇ ತರಬೇಕಾದ ಸಹೋದರಿಯರೂ ಇದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಬದಲಾವಣೆಯಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರ ಪ್ರಯಾಣ ಉಚಿತವಾಯಿತು. ಅದೇ ವರ್ಷದ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಬರತೊಡಗಿತು. ಮೊದಲು ಗಂಡನೋ ಮಗನೋ ತಂದುಕೊಟ್ಟುದರಲ್ಲಿ ಸಂಸಾರ ತೂಗಿಸುತ್ತಿದ್ದ ಸ್ತ್ರೀಯು ಇಂದು ಹಳ್ಳಿಯಿಂದ ಬಸ್ ಹತ್ತಿ, ತಾನೇ ಬೆಲೆ ವಿಚಾರಿಸಿ, ತಾನೇ ಆರಿಸಿ ತರುತ್ತಿದ್ದಾಳೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾವು ಮಿಂಬರಿನ ಮೇಲೆ ನಿಂತು ಮಾಡುತ್ತಿರುವಾಗಲೇ ಆಕೆ ಪೇಟೆಗೆ ಹೋಗಿ ಬಂದು ಒಲೆ ಹಚ್ಚಿರುತ್ತಾಳೆ. ಆದ್ದರಿಂದ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಹೇಗೆ ಹೋಗಬೇಕು ಮತ್ತು ಆಕೆ ಹೋದಾಗ ನಾವು ಹೇಗಿರಬೇಕು ಎಂಬ ಪ್ರಶ್ನೆಯೇ ಇಂದು ಉಪಯುಕ್ತವಾದುದು.

ಶರೀಅತ್ ಏನು ಹೇಳುತ್ತದೆ?

ಸ್ತ್ರೀಯರು ಮನೆಯಲ್ಲೇ ಇರಬೇಕೆಂದು ಹೇಳುವವರು ಸಾಮಾನ್ಯವಾಗಿ ಸೂರಃ ಅಲ್ ಅಹ್ಝಾಬ್‌ನ 33ನೇ ವಚನವನ್ನು ಮುಂದಿಡುತ್ತಾರೆ. ಮನೆಗಳಲ್ಲಿ ನೆಲೆಸಿರಬೇಕು, ಅಜ್ಞಾನ ಕಾಲದ ಪ್ರದರ್ಶನವನ್ನು ಮಾಡಬಾರದು ಎಂಬ ಆದೇಶ ಅಲ್ಲಿದೆ. ಅದರ ನೇರ ಸಂಬೋಧನೆ ಪ್ರವಾದಿ(ಸ)ಯವರ ಪತ್ನಿಯರಿಗೆ. ಮನೆಯೇ ಸ್ತ್ರೀಯ ಬದುಕಿನ ಕೇಂದ್ರವೆಂಬ ಪಾಠವನ್ನು ವಿದ್ವಾಂಸರು ಅದರಿಂದ ಎಲ್ಲ ವಿಶ್ವಾಸಿನಿಯರಿಗೂ ಅನ್ವಯಿಸಿದ್ದಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸೂರಃದ 59ನೇ ವಚನವನ್ನೂ ಓದಬೇಕಲ್ಲವೇ? ವಿಶ್ವಾಸಿನಿಯರು ತಮ್ಮ ಮೇಲೆ ಹೊದಿಕೆಯನ್ನು ಇಳಿಬಿಟ್ಟುಕೊಳ್ಳಲಿ, ಅದರಿಂದ ಅವರು ಗುರುತಿಸಲ್ಪಟ್ಟು ಕಿರುಕುಳಕ್ಕೆ ಒಳಗಾಗದಿರುವರು ಎಂಬ ಆಶಯ ಅಲ್ಲಿದೆ. ಹೊರಗೆ ಹೋಗುವುದೇ ನಿಷಿದ್ಧವಾಗಿದ್ದರೆ ಹೊರಗಿನ ಉಡುಪಿನ ಆದೇಶಕ್ಕೆ ಅರ್ಥವೇನು? ಇನ್ನೂ ಗಮನಿಸಬೇಕಾದುದು ಅದರ ಮರುವಚನ. ಮದೀನಾದಲ್ಲಿ ಹೃದಯದಲ್ಲಿ ರೋಗವಿರುವವರಿಗೆ, ಗುಲ್ಲೆಬ್ಬಿಸುವವರಿಗೆ ಅಲ್ಲಾಹನು ಅಲ್ಲಿ ಕಠಿಣ ಎಚ್ಚರಿಕೆ ನೀಡಿದ್ದಾನೆ. 59ನ್ನು ನಾವು ಕಂಠಪಾಠ ಮಾಡಿಸುತ್ತೇವೆ, 60ರ ಮೇಲೆ ಬಯಾನ್ ಮಾಡುವವರು ವಿರಳ.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬಂದಿರುವ ಒಂದು ಘಟನೆ ಈ ವಿಷಯವನ್ನು ಬಗೆಹರಿಸುತ್ತದೆ. ಪರ್ದಾದ ಆದೇಶ ಬಂದ ಬಳಿಕ ಒಂದು ರಾತ್ರಿ ಹಝ್ರತ್ ಸೌದಾ(ರ) ತಮ್ಮ ಅಗತ್ಯಕ್ಕಾಗಿ ಹೊರಗೆ ಹೋದರು. ಅವರು ಎತ್ತರದ ಮೈಕಟ್ಟಿನವರಾದ್ದರಿಂದ ಹಝ್ರತ್ ಉಮರ್(ರ) ಗುರುತು ಹಿಡಿದು ಆಕ್ಷೇಪಿಸಿದರು. ಸೌದಾ(ರ) ಮರಳಿ ಬಂದು ಪ್ರವಾದಿ(ಸ)ಯವರಿಗೆ ದೂರು ಹೇಳಿದರು. ಪ್ರವಾದಿ(ಸ) ಆಗ ಊಟ ಮಾಡುತ್ತಿದ್ದರು, ಕೈಯಲ್ಲಿ ಮಾಂಸದ ಮೂಳೆ ಇತ್ತು. ಅದೇ ಸ್ಥಿತಿಯಲ್ಲಿ ಅವರಿಗೆ ದಿವ್ಯವಾಣಿ ಬಂತು. ನಿಮ್ಮ ಅಗತ್ಯಗಳಿಗಾಗಿ ಹೊರಗೆ ಹೋಗಲು ನಿಮಗೆ ಅನುಮತಿ ನೀಡಲಾಗಿದೆ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಆಕ್ಷೇಪಿಸಿದವರು ಉಮರ್(ರ) ಅವರಂಥ ಮಹಾನ್ ಸಹಾಬಿ. ಅವರ ಉದ್ದೇಶದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆದರೂ ಅನುಮತಿ ದೊರೆತದ್ದು ಹೊರಗೆ ಹೋದ ಸ್ತ್ರೀಗೆ.

ಮುಸ್ಲಿಮ್ ಗ್ರಂಥದಲ್ಲಿ ಬರುವ ಹಝ್ರತ್ ಜಾಬಿರ್(ರ) ಅವರ ಚಿಕ್ಕಮ್ಮನ ಪ್ರಸಂಗವೂ ಹೀಗೆಯೇ ಇದೆ. ತಲಾಕ್ ಆಗಿ ಇದ್ದತ್‌ನಲ್ಲಿದ್ದ ಅವರು ತಮ್ಮ ಖರ್ಜೂರದ ಫಸಲನ್ನು ಕೊಯ್ಯಲು ಹೊರಟಾಗ ಒಬ್ಬ ವ್ಯಕ್ತಿ ಗದರಿದನು. ಅವರು ಪ್ರವಾದಿ(ಸ)ಯವರ ಬಳಿಗೆ ಹೋದರು. ಹೋಗಿ ಕೊಯ್ಯಿರಿ, ಅದರಿಂದ ನೀವು ದಾನವನ್ನೋ ಮತ್ತೊಂದು ಒಳಿತನ್ನೋ ಮಾಡಬಹುದು ಎಂಬ ಆಶಯದ ಉತ್ತರ ದೊರೆಯಿತು. ಹೊರಹೋಗುವುದಕ್ಕೆ ಅತಿ ಹೆಚ್ಚು ನಿರ್ಬಂಧವಿರುವ ಇದ್ದತ್ತಿನ ಕಾಲದಲ್ಲೇ ಜೀವನೋಪಾಯಕ್ಕೆ ಈ ಅನುಮತಿ! ಹಝ್ರತ್ ಅಬೂಬಕರ್(ರ) ಅವರ ಪುತ್ರಿ ಅಸ್ಮಾ(ರ) ದೂರದ ಜಮೀನಿನಿಂದ ಖರ್ಜೂರದ ಬೀಜದ ಹೊರೆಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರೆಂದು ಬುಖಾರಿಯಲ್ಲಿದೆ. ದಾರಿಯಲ್ಲಿ ಅವರನ್ನು ಕಂಡ ಪ್ರವಾದಿ(ಸ) ಗದರಲಿಲ್ಲ. ಒಂಟೆಯನ್ನು ಕೂರಿಸಿ, ಹತ್ತಿಸಿಕೊಳ್ಳಲು ಮುಂದಾದರು. ಅಸ್ಮಾ(ರ) ಸಂಕೋಚಪಟ್ಟಾಗ ಆ ಸಂಕೋಚವನ್ನು ಅರಿತು ಮುಂದೆ ಸಾಗಿದರು. ಹೊರೆ ಹೊತ್ತ ಸ್ತ್ರೀಯನ್ನು ಕಂಡಾಗ ಮೊದಲು ನೆರವು ಹೊಳೆಯಬೇಕೇ ಹೊರತು ಗದರಿಕೆಯಲ್ಲ ಎಂಬುದು ಇದರಲ್ಲಿರುವ ಪಾಠ.

ಮಹ್ರಮ್ ಇಲ್ಲದೆ ಪ್ರಯಾಣ ಮಾಡಬಾರದೆಂಬ ಹದೀಸನ್ನು ಕೆಲವರು ನೆನಪಿಸುತ್ತಾರೆ. ಅದು ಪ್ರಯಾಣದ ನಿಯಮ. ಹನಫೀ ವಿದ್ವಾಂಸರು ಶರಈ ಪ್ರಯಾಣದ ದೂರವನ್ನು ಸಾಮಾನ್ಯವಾಗಿ 48 ಮೈಲು, ಅಂದರೆ ಸುಮಾರು 77 ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದಕ್ಕೊಂದು 40 ಕಿಲೋಮೀಟರಿನೊಳಗೇ ಇವೆ. ದಾರಿ ಸುರಕ್ಷಿತವಾಗಿದ್ದು, ಮನೆಯವರಿಗೆ ತಿಳಿದಿದ್ದು, ಅಗತ್ಯ ನ್ಯಾಯಬದ್ಧವಾಗಿದ್ದರೆ ಹತ್ತಿರದ ಪೇಟೆಗೆ ಹೋಗಿಬರುವುದನ್ನು ಆ ಹದೀಸಿನ ಅಡಿಯಲ್ಲಿ ತಂದು ನಿಲ್ಲಿಸುವುದು ಸರಿಯಲ್ಲ.

ಮಸೀದಿಗಳು ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಸ್ಥಳಗಳು, ಮಾರುಕಟ್ಟೆಗಳು ಅತ್ಯಂತ ಅಪ್ರಿಯವಾದವು ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದು ಸ್ತ್ರೀಯರಿಗೆ ಮಾತ್ರ ಹೇಳಿದ ಮಾತಲ್ಲ. ಸುಳ್ಳು ಆಣೆ, ಮೋಸದ ತೂಕ, ಬಡ್ಡಿ, ಅಲ್ಲಾಹನ ವಿಸ್ಮರಣೆ ಇವೆಲ್ಲ ಅಲ್ಲಿ ನಡೆಯುತ್ತವೆ ಎಂಬುದೇ ಅದಕ್ಕೆ ವಿದ್ವಾಂಸರು ನೀಡಿದ ಕಾರಣ. ನಮ್ಮ ಪೇಟೆಗಳಲ್ಲಿ ತಕ್ಕಡಿ ಹಿಡಿದು ಕುಳಿತವರಲ್ಲಿ ಹೆಚ್ಚಿನವರು ಯಾರು? ಪ್ರವಾದಿ(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಟ್ಟು, ಒಳಗಿನ ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದರು. ಮಾರುಕಟ್ಟೆಯಲ್ಲಿ ಅವರು ಪರೀಕ್ಷಿಸಿದ್ದು ಸರಕನ್ನು.

ಬಾವಿಯ ಬಳಿಯ ಇಬ್ಬರು ಸಹೋದರಿಯರು

ಕುರ್‌ಆನ್‌ನಲ್ಲಿ ಲಜ್ಜೆಯ ಅತಿ ಸುಂದರ ಚಿತ್ರ ಎಲ್ಲಿದೆಯೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಅವರು ಮನೆಯೊಳಗಿನ ಚಿತ್ರವನ್ನು ಊಹಿಸುತ್ತಾರೆ. ಆ ಚಿತ್ರವಿರುವುದು ಜನಜಂಗುಳಿಯ ನಡುವೆ. ಸೂರಃ ಅಲ್ ಕಸಸ್‌ನ 23ರಿಂದ 26ರವರೆಗಿನ ವಚನಗಳನ್ನು ನೋಡಿರಿ. ಹಝ್ರತ್ ಮೂಸಾ(ಅ) ಮದ್ಯನ್‌ನ ನೀರಿನ ತಾಣವನ್ನು ತಲಪಿದಾಗ ಜಾನುವಾರುಗಳಿಗೆ ನೀರುಣಿಸುವವರ ಗುಂಪೊಂದು ಅಲ್ಲಿತ್ತು. ಅವರಿಂದ ದೂರದಲ್ಲಿ ಇಬ್ಬರು ಸ್ತ್ರೀಯರು ತಮ್ಮ ಆಡುಕುರಿಗಳನ್ನು ತಡೆದು ನಿಂತಿದ್ದರು. ಕುರುಬರು ಹೋಗುವವರೆಗೆ ತಾವು ನೀರುಣಿಸಲಾಗದು, ತಂದೆ ವಯೋವೃದ್ಧರು ಎಂದು ಅವರು ಹೇಳಿದರು. ಅಂದರೆ ಅವರು ಹೊರಬಂದುದು ಅಗತ್ಯಕ್ಕಾಗಿ, ನೂಕುನುಗ್ಗಲಿಗೆ ಸೇರದೆ ನಿಂತದ್ದು ಲಜ್ಜೆಯಿಂದ.

ಮೂಸಾ(ಅ) ಮಾಡಿದ್ದೇನು? ಮನೆಯಲ್ಲಿರದೆ ಇಲ್ಲೇಕೆ ಬಂದಿರಿ ಎನ್ನಲಿಲ್ಲ. ಅವರ ಜಾನುವಾರುಗಳಿಗೆ ನೀರುಣಿಸಿ, ಪ್ರತಿಫಲದ ಮಾತೆತ್ತದೆ ನೆರಳಿಗೆ ಸರಿದರು. ಬಳಿಕ ಅವರಲ್ಲೊಬ್ಬಳು ಲಜ್ಜೆಯಿಂದ ನಡೆದುಬಂದಳು ಎಂದು ಕುರ್‌ಆನ್ ವಿಶೇಷವಾಗಿ ಹೇಳುತ್ತದೆ. ಗಮನಿಸಿರಿ, ಲಜ್ಜೆಯನ್ನು ಇಲ್ಲಿ ಆಕೆಯ ನಡಿಗೆಯೊಂದಿಗೆ ಜೋಡಿಸಲಾಗಿದೆ. ಆಕೆ ನಡೆಯುತ್ತಿದ್ದಾಳೆ, ಅಪರಿಚಿತ ಪುರುಷನಿಗೆ ಸಂದೇಶ ತಲಪಿಸುತ್ತಿದ್ದಾಳೆ, ಆದರೂ ಅಲ್ಲಾಹನು ಆಕೆಯ ಲಜ್ಜೆಗೆ ಸಾಕ್ಷಿ ಹೇಳುತ್ತಿದ್ದಾನೆ. ಲಜ್ಜೆಯು ಗೋಡೆಯೊಳಗೆ ಮಾತ್ರ ಬದುಕುವ ಗುಣವಲ್ಲ, ಹೋದಲ್ಲೆಲ್ಲ ಜೊತೆಗೆ ಕೊಂಡೊಯ್ಯಬಹುದಾದ ಸಂಪತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಸಹೋದರಿಯರಲ್ಲಿ ಒಂದು ಮಾತು

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಪೇಟೆಯಲ್ಲಿ ನಡೆಯುವುದೆಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಅಗತ್ಯಕ್ಕೆ ಹೋಗುವುದಕ್ಕೂ ಹೊತ್ತು ಕಳೆಯಲು ಅಲೆಯುವುದಕ್ಕೂ ವ್ಯತ್ಯಾಸವಿದೆ. ಅಬಾಯಾ ಧರಿಸುವುದು ಕಣ್ಣುಗಳನ್ನು ಸೆಳೆಯದಿರಲಿ ಎಂದು. ಮಿನುಗುವ ಕಲ್ಲು, ಝರಿಗಳಿಂದ ತುಂಬಿದ, ಮೈಗೆ ಅಂಟಿಕೊಳ್ಳುವ ಅಬಾಯಾ ಆ ಉದ್ದೇಶವನ್ನೇ ಸೋಲಿಸುತ್ತದೆ. ಮುಖ ಮುಚ್ಚುವ ವಿಷಯದಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ, ದೇಹವನ್ನು ಸಡಿಲವಾಗಿ, ಗೌರವಯುತವಾಗಿ ಮುಚ್ಚುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇತರರಿಗೆ ಪರಿಮಳ ತಲಪಲೆಂದು ಅತ್ತರು ಹಚ್ಚಿ ಹೊರಹೋಗುವುದರ ಬಗ್ಗೆ ಹದೀಸಿನಲ್ಲಿ ಕಠಿಣ ಎಚ್ಚರಿಕೆ ಇದೆ. ವ್ಯಾಪಾರಿಯೊಂದಿಗೆ ಚೌಕಾಸಿ ಮಾಡುವುದರಲ್ಲಿ ತಪ್ಪಿಲ್ಲ. ಮಾತು ನೇರವಾಗಿರಲಿ, ಹಾಸ್ಯ ಸಲಿಗೆಗಳಿಗೆ ಎಡೆ ಬೇಡ.

ಸ್ಪರ್ಶದ ವಿಷಯದಲ್ಲಿ ನಾವು ತುಂಬ ಸಡಿಲವಾಗಿದ್ದೇವೆ. ಪರಪುರುಷರ ಕೈಯಿಂದ ಬಳೆ ತೊಡಿಸಿಕೊಳ್ಳಬಾರದೆಂದು ದಾರುಲ್ ಉಲೂಮ್ ದೇವಬಂದ್ 2018ರಲ್ಲಿ ಫತ್ವಾ ನೀಡಿದಾಗ ಅನೇಕರು ಅದನ್ನು ಹಾಸ್ಯ ಮಾಡಿದರು. ಸ್ಪರ್ಶದ ನಿಯಮ ಹೊಸದಲ್ಲ, ಅದು ಎಲ್ಲರೂ ಬಲ್ಲ ಮಸ್ಅಲಾ. ಆದರೆ ಮಸ್ಅಲಾ ಹೇಳಿದಷ್ಟಕ್ಕೆ ಕರ್ತವ್ಯ ಮುಗಿಯದು. ಬಳೆ ತೊಡಿಸಲು, ಮದರಂಗಿ ಹಚ್ಚಲು, ಹೊಲಿಗೆಯ ಅಳತೆ ತೆಗೆಯಲು ಸ್ತ್ರೀಯರೇ ಇರುವ ಅಂಗಡಿಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಈ ಕೌಶಲಗಳಿರುವ ಸಹೋದರಿಯರು ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ, ಅವರಿಗೊಂದು ಮಳಿಗೆ ಹಾಕಿಕೊಡುವ ಕೈಗಳು ಇಲ್ಲ.

ಮತ್ತೊಂದು ವಿಷಯ ದುಂದುಗಾರಿಕೆ. ಹಬ್ಬಕ್ಕೆ, ಮದುವೆಗೆ ಸಾಲ ಮಾಡಿ ಖರೀದಿಸುವ ರೋಗ ನಮ್ಮ ಮನೆಗಳನ್ನು ಹೊಕ್ಕಿದೆ. ಕಿರುಸಾಲದ ವಸೂಲಿಯ ಹಿಂಸೆ ಎಷ್ಟು ವಿಪರೀತಕ್ಕೆ ಹೋಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಬಡ್ಡಿಯ ಸಾಲದಿಂದ ತಂದ ಹೊಸ ಬಟ್ಟೆ ತೊಟ್ಟು ಈದ್‌ಗಾಹಿಗೆ ಹೋಗುವುದಕ್ಕಿಂತ ಒಗೆದ ಹಳೆಯ ಬಟ್ಟೆಯಲ್ಲಿ ತಕ್ಬೀರ್ ಹೇಳುವುದು ಮೇಲು. ಈ ಮಾತು ಗಂಡಂದಿರಿಗೂ ಸಲ್ಲುತ್ತದೆ. ಮದುವೆಗೆ ಇಷ್ಟು ಜೊತೆ ಬಟ್ಟೆ, ಇಷ್ಟು ತೊಲ ಚಿನ್ನ ಬೇಕೆಂದು ಪಟ್ಟಿ ಕೊಡುವವರಲ್ಲಿ ಪುರುಷರೂ ಇದ್ದಾರೆ. ಹೆಣ್ಣಿನ ಮನೆಯವರನ್ನು ಪೇಟೆಗೆ ಅಟ್ಟುವ ಪಟ್ಟಿಯನ್ನು ಬರೆದವರೇ, ಪೇಟೆಯಲ್ಲಿ ಹೆಣ್ಣುಮಕ್ಕಳು ಹೆಚ್ಚಾದರೆಂದು ಆಕ್ಷೇಪಿಸುವುದು ನ್ಯಾಯವೇ?

ಮೊದಲ ಆದೇಶ ಯಾರಿಗೆ?

ಸೂರಃ ಅನ್ನೂರ್‌ನಲ್ಲಿ ದೃಷ್ಟಿಯನ್ನು ತಗ್ಗಿಸುವ ಆದೇಶ ಎರಡು ವಚನಗಳಲ್ಲಿದೆ. 31ನೇ ವಚನ ವಿಶ್ವಾಸಿನಿಯರಿಗೆ. ಅದಕ್ಕಿಂತ ಮೊದಲಿನ 30ನೇ ವಚನ ವಿಶ್ವಾಸಿ ಪುರುಷರಿಗೆ. ಈ ಕ್ರಮ ಅರ್ಥಹೀನವಲ್ಲ. ಸ್ತ್ರೀ ಹೇಗೆ ಉಟ್ಟಿದ್ದಾಳೆ ಎಂಬುದನ್ನು ನೋಡಿದ ಬಳಿಕ ನಿರ್ಧರಿಸಿರಿ ಎಂಬ ಷರತ್ತು 30ನೇ ವಚನದಲ್ಲಿಲ್ಲ.

ಹಿಜ್ರಾ 10ನೇ ವರ್ಷದ ವಿದಾಯ ಹಜ್ಜಿನ ಒಂದು ಪ್ರಸಂಗ ಬುಖಾರಿಯಲ್ಲಿದೆ. ಖಸ್ಅಮ್ ಗೋತ್ರದ ಒಬ್ಬ ಸ್ತ್ರೀ ತನ್ನ ವೃದ್ಧ ತಂದೆಯ ಹಜ್ಜಿನ ಬಗ್ಗೆ ಪ್ರಶ್ನೆ ಕೇಳಲು ಬಂದಳು. ಪ್ರವಾದಿ(ಸ)ಯವರ ಹಿಂದೆ ಕುಳಿತಿದ್ದ ಯುವಕ ಫಝ್ಲ್ ಬಿನ್ ಅಬ್ಬಾಸ್(ರ) ಆಕೆಯನ್ನು ನೋಡತೊಡಗಿದರು. ಪ್ರವಾದಿ(ಸ) ತಮ್ಮ ಕೈಯಿಂದ ಫಝ್ಲ್‌ರ ಮುಖವನ್ನು ಬೇರೆಡೆಗೆ ತಿರುಗಿಸಿದರು, ಆ ಸ್ತ್ರೀಯ ಪ್ರಶ್ನೆಗೆ ಉತ್ತರವನ್ನೂ ನೀಡಿದರು. ಸಾವಿರಾರು ಜನರ ನಡುವೆ ಆಕೆಯ ಅಗತ್ಯ ನೆರವೇರಿತು, ತಿರುಗಿದ್ದು ಯುವಕನ ಮುಖ. ನಾವೋ ಯುವಕರ ಮುಖವನ್ನು ಹಾಗೆಯೇ ಬಿಟ್ಟು ಸ್ತ್ರೀಯನ್ನೇ ದಾರಿಯಿಂದ ತಿರುಗಿಸಲು ಹೊರಟಿದ್ದೇವೆ.

ಬೀದಿಬದಿಯಲ್ಲಿ ಕುಳಿತುಕೊಳ್ಳುವುದರ ಬಗ್ಗೆ ಪ್ರವಾದಿ(ಸ) ಸಹಾಬಿಗಳನ್ನು ಎಚ್ಚರಿಸಿದ್ದರು. ಕುಳಿತುಕೊಳ್ಳಲೇಬೇಕಾದರೆ ದಾರಿಯ ಹಕ್ಕನ್ನು ಸಲ್ಲಿಸಿರಿ ಎಂದರು. ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ಇವು ಆ ಹಕ್ಕುಗಳು. ಸಂಜೆಯ ಹೊತ್ತು ನಮ್ಮ ಊರುಗಳ ಚಹಾದಂಗಡಿ, ಪಾನ್ ಅಂಗಡಿಗಳ ಮುಂದೆ ಬೈಕಿನ ಮೇಲೆ ಕುಳಿತ ನಮ್ಮ ಹುಡುಗರಿಗೆ ಈ ಹದೀಸನ್ನು ನಾವು ಎಷ್ಟು ಸಲ ಕಲಿಸಿದ್ದೇವೆ? ಕೆಡುಕನ್ನು ತಡೆಯುವ ಭಾಗವೊಂದನ್ನೇ ಅವರು ನೆನಪಿಟ್ಟುಕೊಂಡು ಮೊದಲಿನೆರಡನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನಾವು ಹತ್ತಿರದಿಂದಲೇ ಕಂಡಿದ್ದೇವೆ.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಡಿಲಗೊಂಡ ರಮಝಾನಿನ ದಿನಗಳಲ್ಲಿ, ನೆರೆಯ ದಾವಣಗೆರೆಯಲ್ಲಿ ಹಬ್ಬದ ಬಟ್ಟೆ ಖರೀದಿಸಿ ಹೊರಬಂದ ಮುಸ್ಲಿಮ್ ಸ್ತ್ರೀಯರನ್ನು ನಮ್ಮದೇ ಸಮುದಾಯದ ಯುವಕರು ತಡೆದರು. ಹಿಂದೂ ಒಡೆತನದ ಅಂಗಡಿಯಲ್ಲಿ ಖರೀದಿಸಿದ್ದೇಕೆಂದು ದಬಾಯಿಸಿ, ಚೀಲಗಳಿಗೆ ಕೈಹಾಕಿ, ಅದನ್ನು ಚಿತ್ರೀಕರಿಸಿ ಹಂಚಿದರು. ಪೊಲೀಸರು ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದರು. ಆ ದಿನಗಳಲ್ಲಿ ನಮ್ಮ ಬಡ ವ್ಯಾಪಾರಿಗಳನ್ನು ಬಹಿಷ್ಕರಿಸುವ ಕರೆಗಳು ಹಬ್ಬಿದ್ದವು ನಿಜ, ಅದರ ನೋವೂ ನಿಜ. ಆದರೆ ಬಹಿಷ್ಕಾರದ ಉರಿ ಬಲ್ಲವರು ಮತ್ತೊಬ್ಬರ ಅಂಗಡಿಗೆ ಅದೇ ಬೆಂಕಿ ಹಚ್ಚುವುದು ಯಾವ ಧರ್ಮ? ಪ್ರವಾದಿ(ಸ) ವಿದಾಯವಾದಾಗ ಅವರ ಯುದ್ಧಕವಚವು ಬಾರ್ಲಿ ಧಾನ್ಯಕ್ಕಾಗಿ ಒಬ್ಬ ಯಹೂದಿಯ ಬಳಿ ಅಡವಿತ್ತು. ಅನ್ಯಧರ್ಮೀಯರೊಂದಿಗೆ ವ್ಯಾಪಾರ ನಿಷಿದ್ಧವಲ್ಲ. ನಿಷಿದ್ಧವಾದುದು ಪರಸ್ತ್ರೀಯ ದಾರಿಗೆ ಅಡ್ಡ ನಿಲ್ಲುವುದು, ಆಕೆಯ ಚೀಲಕ್ಕೆ ಕೈಹಾಕುವುದು, ಅನುಮತಿಯಿಲ್ಲದೆ ಆಕೆಯ ಚಿತ್ರ ತೆಗೆದು ಲೋಕಕ್ಕೆ ತೋರಿಸುವುದು. ಲಜ್ಜೆಯ ರಕ್ಷಣೆಗೆಂದು ಹೊರಟವರೇ ಲಜ್ಜೆಯನ್ನು ಬೀದಿಗೆ ತಂದರು.

ಇದಕ್ಕಿಂತ ಘೋರವಾದುದು ನಮ್ಮದೇ ಜಿಲ್ಲೆಯ ಹಾನಗಲ್ಲಿನಿಂದ ವರದಿಯಾಯಿತು. 2024ರ ಜನವರಿಯಲ್ಲಿ ವಸತಿಗೃಹವೊಂದಕ್ಕೆ ನುಗ್ಗಿದ ಗುಂಪು, ಅಲ್ಲಿದ್ದ ಸ್ತ್ರೀಯ ಮೇಲೆ ಹಲ್ಲೆ ನಡೆಸಿ, ಹೊತ್ತೊಯ್ದು ಸಾಮೂಹಿಕ ಅತ್ಯಾಚಾರ ಎಸಗಿತೆಂಬ ಆರೋಪ ಬಂತು. 2025ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದ ಆರೋಪಿಗಳು ವಾಹನಗಳಲ್ಲಿ ಮೆರವಣಿಗೆ ಹೋದ ದೃಶ್ಯವನ್ನು ರಾಜ್ಯವೇ ನೋಡಿತು. ತಪ್ಪಿತಸ್ಥರು ಯಾರೆಂದು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಇನ್ನೊಬ್ಬರ ಬಾಗಿಲು ಒಡೆದು ಧರ್ಮ ಕಾಪಾಡುವ ಅಧಿಕಾರವನ್ನು ಯಾರೂ ಈ ಹುಡುಗರಿಗೆ ಕೊಟ್ಟಿಲ್ಲ ಎಂದು ಹೇಳಲು ಯಾವ ತೀರ್ಪಿಗೂ ಕಾಯಬೇಕಿಲ್ಲ. ಅನುಮತಿಯಿಲ್ಲದೆ ಇತರರ ಮನೆಗಳನ್ನು ಪ್ರವೇಶಿಸಬಾರದೆಂದು ಕುರ್‌ಆನ್ 24:27ರಲ್ಲಿದೆ. ಸಂಶಯಪಡುವುದನ್ನು, ಗುಟ್ಟು ಕೆದಕುವುದನ್ನು 49:12 ತಡೆಯುತ್ತದೆ. ಸುಶೀಲ ಸ್ತ್ರೀಯರ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವರಿಗೆ 24:4ರಲ್ಲಿ 80 ಛಡಿಯೇಟಿನ ಶಿಕ್ಷೆ ಹೇಳಲಾಗಿದೆ, ಮುಂದೆಂದೂ ಅವರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದೂ ಇದೆ. ಸ್ತ್ರೀಯ ಮಾನದ ವಿಷಯದಲ್ಲಿ ನಾಲಿಗೆ ಹರಿಬಿಡುವವನನ್ನೇ ಇಷ್ಟು ಬಿಗಿಯಾಗಿ ಕಟ್ಟಿದ ಶರೀಅತ್, ಕೈ ಹರಿಬಿಡುವವನನ್ನು ಒಪ್ಪುವುದುಂಟೇ?

ನಾವು ಉಸ್ತಾದರು ಇಲ್ಲಿ ನಮ್ಮ ಎದೆಯನ್ನೂ ಮುಟ್ಟಿಕೊಳ್ಳಬೇಕು. ಸ್ತ್ರೀಯ ಹೊರಹೋಗುವಿಕೆಯನ್ನೇ ಅಪರಾಧವೆಂಬಂತೆ ಬಣ್ಣಿಸುವ ಬಯಾನ್‌ಗಳನ್ನು ಕೇಳಿ ಬೆಳೆದ ಹುಡುಗನು, ಹೊರಗೆ ಕಂಡ ಪ್ರತಿಯೊಬ್ಬ ಸ್ತ್ರೀಯನ್ನೂ ಅಪರಾಧಿಯೆಂದೇ ಭಾವಿಸಿದರೆ ಆಶ್ಚರ್ಯವೇನು? ನನ್ನ ಅಂದಿನ ಬಯಾನನ್ನು ಅಂಥ ಎಷ್ಟು ಹುಡುಗರು ಕೇಳಿದ್ದರೋ ಅಲ್ಲಾಹನೇ ಬಲ್ಲ.

ನಮ್ಮ ಊರುಗಳಲ್ಲಿ ಆಗಬೇಕಾದುದು

ಹಬ್ಬದ ಖರೀದಿಯನ್ನು ಶಅಬಾನ್ ತಿಂಗಳಲ್ಲೇ ಮುಗಿಸುವ ರೂಢಿಯನ್ನು ಪ್ರತಿ ಮನೆಯಲ್ಲೂ ಬೆಳೆಸೋಣ. ಇದಕ್ಕೆ ಗಂಡಂದಿರ ಸಹಕಾರವೇ ಮುಖ್ಯ, ಕೊನೆಯ ವಾರದವರೆಗೂ ಹಣ ಕೊಡದೆ ಕಾಯಿಸುವವರು ಅವರೇ ತಾನೆ? ಜೊತೆಗೆ ಹೋಗಿ ಚೀಲ ಹಿಡಿಯುವುದರಿಂದ ಯಾರ ಗೌರವವೂ ಕುಗ್ಗುವುದಿಲ್ಲ. ಪ್ರವಾದಿ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಪೇಟೆಗೆ ಹತ್ತಿರವಿರುವ ಮಸೀದಿಗಳ ಕಮಿಟಿಗಳಲ್ಲಿ ನನ್ನದೊಂದು ವಿನಂತಿ ಇದೆ. ಹಳ್ಳಿಯಿಂದ ಬೆಳಿಗ್ಗೆ ಬಸ್ ಹತ್ತಿ ಬಂದ ಸಹೋದರಿಗೆ ಝುಹ್ರ್, ಅಸರ್ ನಮಾಝ್ ಮಾಡಲು ಸ್ಥಳವಿಲ್ಲ, ಶೌಚಾಲಯವೂ ಇಲ್ಲ. ಸ್ತ್ರೀಯರ ಜಮಾಅತ್ತಿನ ಚರ್ಚೆ ಪಕ್ಕಕ್ಕಿರಲಿ. ಪ್ರತ್ಯೇಕ ಬಾಗಿಲಿನ ಒಂದು ಸಣ್ಣ ಕೋಣೆ, ಒಂದು ಪರದೆ, ವುಝೂ ಮಾಡಲು ನೀರು ಮತ್ತು ಒಂದು ಶೌಚಾಲಯ ಇಷ್ಟನ್ನು ಕೊಡಲು ಯಾವ ಮಝ್ಹಬ್ ಅಡ್ಡಿಯಾದೀತು? ಪೇಟೆಯಲ್ಲಿ ನಮಾಝ್ ತಪ್ಪಿಸುತ್ತಾರೆಂದು ಬಯಾನ್ ಮಾಡುವ ಮೊದಲು ನಮಾಝ್ ಮಾಡಲು ಒಂದು ಮುಸಲ್ಲಾದಷ್ಟು ಜಾಗ ಕೊಡೋಣ.

ನಮ್ಮ ವ್ಯಾಪಾರಿ ಸಹೋದರರು ಅಂಗಡಿಯಲ್ಲಿ ಕನಿಷ್ಠ ಒಬ್ಬ ಸ್ತ್ರೀ ಸಹಾಯಕಿಯನ್ನು ನೇಮಿಸಲಿ, ಬಟ್ಟೆ ತೊಟ್ಟು ನೋಡುವ ಕೋಣೆ ಸುರಕ್ಷಿತವಾಗಿರುವಂತೆ ನೋಡಿಕೊಳ್ಳಲಿ. ಮೆಣಸಿನಕಾಯಿಯ ಕೆಲಸ ಕೊಡುವವರು ಕೂಲಿಯನ್ನು ಬೆವರು ಆರುವ ಮೊದಲೇ ಕೊಡಲಿ, ಸಂಜೆ ತಡವಾದರೆ ಮನೆ ತಲಪಿಸುವ ಹೊಣೆ ಹೊರಲಿ. ಇನ್ನು ಮದ್ರಸಗಳಲ್ಲಿ ಹುಡುಗರಿಗೆ ಸೂರಃ ಅನ್ನೂರ್‌ನ 30ನೇ ವಚನವನ್ನು, ಹುಡುಗಿಯರಿಗೆ 31ನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕಲಿಸುವ ಹೊಣೆ ನಮ್ಮದು.

ಬ್ಯಾಡಗಿಯ ಆ ತಾಯಿಯನ್ನು ಮರುವರ್ಷ ಹುಡುಕಿಕೊಂಡು ಹೋಗಿ ಮಾತನಾಡಿಸಿದೆ. ತಪ್ಪಾಯಿತೆಂದಾಗ ಅವರು ನಕ್ಕು, “ಇರ್ಲಿ ಬಿಡ್ರಿ ಹಜರತ್, ನಮ್ಮ ಹುಡುಗ್ರಿಗೆ ಚಲೋತ್ನಂಗ ಹೇಳ್ರಿ, ಸಾಕು” ಎಂದರು. ಮೂವತ್ತು ವರ್ಷ ಜನರ ನಡುವೆ ದುಡಿದು, ತಲೆಯ ಮೇಲಿನ ಸೆರಗು ಜಾರದಂತೆ, ಯಾರ ಮುಂದೆಯೂ ಕೈಚಾಚದಂತೆ ಬದುಕಿದ ಆ ತಾಯಿಗೆ ಲಜ್ಜೆಯ ಪಾಠ ಹೇಳಲು ನಾನು ಯಾರು? ಪಾಠ ಕಲಿಯಬೇಕಾದವನು ನಾನಾಗಿದ್ದೆ.

ಅಲ್ಲಾಹನು ನಮ್ಮ ಸಹೋದರಿಯರ ದಾರಿಗಳನ್ನು ಸುರಕ್ಷಿತವಾಗಿರಿಸಲಿ, ನಮ್ಮ ಕಣ್ಣು, ಕೈ, ನಾಲಿಗೆಗಳಿಗೆ ಲಜ್ಜೆಯನ್ನು ಕರುಣಿಸಲಿ, ನಮ್ಮ ಮಕ್ಕಳನ್ನು ಹೊರೆ ಹೊತ್ತವರಿಗೆ ನೆರವಾಗುವವರನ್ನಾಗಿ ಮಾಡಲಿ. ಆಮೀನ್.